ಅತಿಥಿ ಸಂವಿಭಾಗ: ಮಾನ್ಯಖೇಟದಿಂದ ಭೀಮಾತೀರದ ಅಡುಗೆಮನೆಯವರೆಗೆ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಎಷ್ಟೋ ಶ್ರಾವಕರ ಮನೆಗಳಲ್ಲಿ ಮಕ್ಕಳು ವಿದ್ಯೆಗಾಗಿ, ಉದ್ಯೋಗಕ್ಕಾಗಿ ದೂರದ ಊರು ಸೇರಿದ್ದಾರೆ. ಉಳಿದ ಇಬ್ಬರಿಗಾಗಿ ಬಗೆಬಗೆಯ ಅಡುಗೆ ಏಕೆ ಎಂಬ ಉದಾಸೀನದಿಂದ ಒಲೆಯ ಕೆಲಸ ಬರಬರುತ್ತ ಕಡಿಮೆಯಾಗಿದೆ. ಅಂಥ ಮನೆಗೆ ನಾಲ್ಕು ದಿನ ಉಳಿಯಲು ಬೀಗರೋ ಬಂಧುಗಳೋ ಬಂದರೆ ಎಲ್ಲವೂ ಬದಲಾಗುತ್ತದೆ. ಹೊಸದಾಗಿ ಜೋಳ ಬೀಸಿಸುತ್ತಾರೆ. ರೊಟ್ಟಿ ಬಡಿಯುವ ಸದ್ದು ಹೊರಗಿನ ಪಡಸಾಲೆಗೂ ಕೇಳಿಸುತ್ತದೆ. ತೊಗರಿಬೇಳೆ, ಜೋಳದ ನುಚ್ಚು ಕೂಡಿಸಿದ ಪುಂಡಿಪಲ್ಯ ಕುದಿಯುತ್ತದೆ. ಬಡಿಸಿದವರಿಗೇ ಅಂದಿನ ಊಟ ಹೆಚ್ಚು ರುಚಿಸುತ್ತದೆ. ಈ ಸಂತೋಷಕ್ಕೆ ಒಂದು ಇತಿಹಾಸವುಂಟು. ಅದರ ನೆಲೆಯೂ ಇದೇ ಜಿಲ್ಲೆಯಲ್ಲಿದೆ.

ಭೀಮೆಯನ್ನು ಸೇರುವ ಕಾಗಿಣಾ ನದಿಯ ದಡದಲ್ಲಿ, ಸೇಡಂ ತಾಲೂಕಿನ ಮಳಖೇಡವಿದೆ. ಇದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 10ನೆಯ ಶತಮಾನದ ನಡುಭಾಗದಲ್ಲಿ ದೂರದ ದಾರಿ ನಡೆದು ದಣಿದ ಕವಿಯೊಬ್ಬನು ಈ ನಗರದ ಹೊರಗಿನ ಉದ್ಯಾನದಲ್ಲಿ ಬಂದು ತಂಗಿದನು. ಅಪಭ್ರಂಶ ಭಾಷೆಯ ಮಹಾಕವಿ ಪುಷ್ಪದಂತನೇ ಆತ. ದುರ್ಜನರ ಗಂಟುಮೊಗ ನೋಡುವುದಕ್ಕಿಂತ ಕಾಡೇ ಲೇಸೆಂದು ಬೇಸತ್ತಿದ್ದ ಅವನನ್ನು, ಅಲ್ಲಿ ಕಂಡ ಇಬ್ಬರು ಸಮಾಧಾನಪಡಿಸಿ ಮೂರನೆಯ ಕೃಷ್ಣನ ಮಂತ್ರಿ ಭರತನ ಮನೆಗೆ ಕಳುಹಿಸಿದರು. ಭರತನು ಆದರದಿಂದ ಬರಮಾಡಿಕೊಂಡು ಸ್ನಾನ, ಊಟ, ವಸ್ತ್ರಗಳಿಂದ ಉಪಚರಿಸಿದನು. ಕೆಲವು ದಿನ ವಿಶ್ರಾಂತಿಯಾದ ಬಳಿಕವೇ ಕಾವ್ಯರಚನೆಯ ಮಾತೆತ್ತಿದನು. 959ರಲ್ಲಿ ಆರಂಭವಾದ ‘ಮಹಾಪುರಾಣ’ವು 965ರಲ್ಲಿ 102 ಸಂಧಿಗಳಲ್ಲಿ ಪೂರ್ಣಗೊಂಡಿತು. ನಡುವೆ ಕವಿಗೆ ಮತ್ತೊಮ್ಮೆ ಬೇಸರ ಕವಿದಾಗಲೂ ಭರತನೇ ಧೈರ್ಯ ಹೇಳಿದನು.

ಭರತನ ಅನಂತರ ಅವನ ಮಗ ಣಣ್ಣನು ಕವಿಗೆ ಆಶ್ರಯವಿತ್ತನು. 972ರಲ್ಲಿ ಪರಮಾರ ಸೀಯಕನ ದಾಳಿಯಿಂದ ಮಾನ್ಯಖೇಟ ಲೂಟಿಯಾಯಿತು. ಪುಷ್ಪದಂತನು ತನ್ನ ‘ಜಸಹರಚರಿಉ’ ಕಾವ್ಯದ ಕೊನೆಯಲ್ಲಿ ಘೋರ ಕ್ಷಾಮವನ್ನು ನೆನೆಯುತ್ತಾನೆ. ಎಲುಬಿನ ಗೂಡುಗಳು ಬಿದ್ದಿದ್ದ ಆ ದುಃಸಹ ಕಾಲದಲ್ಲಿ ಣಣ್ಣನು ಒಳ್ಳೆಯ ಮನೆ, ಸರಸವಾದ ಆಹಾರ, ನವಿರಾದ ಬಟ್ಟೆ, ತಾಂಬೂಲ ಕೊಟ್ಟು ತನಗೆ ಉಪಕಾರ ಮಾಡಿದನೆಂದು ಬರೆದಿದ್ದಾನೆ. ಪುರಾಣ ರಚಿಸಿದ ಕವಿಗೆ ಉಂಡ ಊಟವೂ ದಾಖಲೆಗೆ ಯೋಗ್ಯವೆನಿಸಿದ್ದು ಗಮನಾರ್ಹ.

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕೊನೆಯದು ಅತಿಥಿ ಸಂವಿಭಾಗ. ಇದು ಮುಖ್ಯವಾಗಿ ಮುನಿಗಳಿಗೆ ಸಲ್ಲುವ ಆಹಾರದಾನವೆಂಬುದು ನಿಜ. ಆದರೆ ಅಮೋಘವರ್ಷ ನೃಪತುಂಗನು ಗುರುವೆಂದು ನಮಿಸಿದ ಜಿನಸೇನಾಚಾರ್ಯರು ತಮ್ಮ ‘ಆದಿಪುರಾಣ’ದಲ್ಲಿ ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕು ಬಗೆಯ ಕೊಡುಗೆಗಳನ್ನು ಹೇಳಿದ್ದಾರೆ. ಸಮದತ್ತಿ ಎಂದರೆ ವ್ರತಾಚರಣೆಯಲ್ಲಿ ತನಗೆ ಸಮಾನನಾದವನಿಗೆ ಗೌರವದಿಂದ ಕೊಡುವುದು. ಅವರು ಅಲ್ಲಿ ಹೆಸರಿಸಿರುವುದು ಭೂಮಿ, ಹೊನ್ನು ಮೊದಲಾದುವನ್ನು. ಆ ಸಮಭಾವವು ಮನೆಗೆ ಬಂದ ಸಾಧರ್ಮಿಕನ ಎಲೆಗೂ ಸಲ್ಲತಕ್ಕದ್ದು.

ಅತಿಥಿ ಸಂವಿಭಾಗದ ಐದು ಅತಿಚಾರಗಳಲ್ಲಿ ಮೂರು ಇಂದಿನ ಗೃಹಸ್ಥನನ್ನು ನೇರವಾಗಿ ಮುಟ್ಟುತ್ತವೆ. ದಾನವನ್ನು ಅನ್ಯರ ಮೇಲೆ ಹಾಕುವುದು ಪರವ್ಯಪದೇಶ. ಅತಿಥಿ ಬಂದೊಡನೆ ಖಾನಾವಳಿಗೆ ಹೇಳಿಕಳುಹಿಸುವುದು ಇದರ ನೆರಳೇ. ಕೊಡುತ್ತಿದ್ದರೂ ಆದರವಿಲ್ಲದಿರುವುದು, ಬೇರೊಬ್ಬ ದಾತೃವಿನ ಗುಣವನ್ನು ಸಹಿಸದಿರುವುದು ಮಾತ್ಸರ್ಯ. ನೆರೆಮನೆಯವರಿಗಿಂತ ಎರಡು ಬಗೆ ಹೆಚ್ಚು ಬಡಿಸಬೇಕೆಂಬ ಹಟ ಇಲ್ಲಿಗೇ ಸೇರುತ್ತದೆ. ಹೊತ್ತು ಮೀರಿಸುವುದು ಕಾಲಾತಿಕ್ರಮ. ಸೂರ್ಯಾಸ್ತದ ಮುನ್ನ ಉಣ್ಣುವ ಅತಿಥಿಗೆ ಒಂದು ಗಳಿಗೆಯ ತಡವೂ ಉಪವಾಸವಾದೀತು.

ಇಲ್ಲಿಯೇ ವಿಷಯದ ಗಾಂಭೀರ್ಯವಿದೆ. ನೀರು ಗಾಳಿಸಿ ಕುಡಿಯುವವರು, ಕಂದಮೂಲ ಬಿಟ್ಟವರು, ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನು ಪಾಲಿಸುವವರು ಪರಸ್ಥಳದಲ್ಲಿ ಎಲ್ಲಿ ಉಣ್ಣಬೇಕು? ಅವರ ವ್ರತವು ಮತ್ತೊಬ್ಬ ಶ್ರಾವಕನ ಅಡುಗೆಮನೆಯನ್ನು ನಂಬಿದೆ. ಆ ಒಲೆ ಆರಿದರೆ ಪ್ರಯಾಣ ಬಿಡಬೇಕು, ಇಲ್ಲವೆ ವ್ರತ ಬಿಡಬೇಕು.

ಈ ಭಾರವೆಲ್ಲ ಮನೆಯ ಸೊಸೆಯೊಬ್ಬಳ ಮೇಲೆ ಬಿದ್ದರೆ ಅದು ಸಂವಿಭಾಗವಾಗದು. ಆ ಶಬ್ದದ ಅರ್ಥವೇ ಸರಿಯಾಗಿ ಹಂಚುವುದು. ಗಂಡಸರು ನೀರು ಗಾಳಿಸಿ, ಕಾಳು ಆರಿಸಿ, ಪಲ್ಯ ಹೆಚ್ಚಿಕೊಟ್ಟರೆ ಅವರ ಹಿರಿಮೆಗೆ ಕುಂದಿಲ್ಲ. ಪಂಚಕಲ್ಯಾಣಾದಿ ಉತ್ಸವಗಳಲ್ಲಿ ಬಸದಿಯ ಟ್ರಸ್ಟುಗಳು ಪರಸ್ಥಳದವರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಉಣಿಸಿ ಕಳುಹಿಸುವ ಬದಲು, ಒಂದು ಹೊತ್ತಿಗಾದರೂ ಮನೆಗೆ ಇಬ್ಬರಂತೆ ಹಂಚಿಕೊಡಬಹುದು. ಎರಡು ಜೀವಗಳಿಗಷ್ಟೇ ಹೊತ್ತುವ ಒಲೆಯ ಮೇಲೆ ಅಂದು ನಾಲ್ಕು ಜನರ ರೊಟ್ಟಿ ಉಬ್ಬೀತು.