ತಾಲೀಮಿನಲ್ಲಿ ಕಲಿತ ನುಡಿ: ಮೈಸೂರು ಸೀಮೆಯಲ್ಲಿ ನಾಟಕ ಮತ್ತು ಇಂಗ್ಲಿಷ್ ಕಲಿಕೆಯ ಚರಿತ್ರೆ

1. ಪೀಠಿಕೆ

ನಂಜನಗೂಡು ತಾಲ್ಲೂಕಿನ ತಾಂಡ್ಯ ಕೈಗಾರಿಕಾ ಪ್ರದೇಶಕ್ಕೆ ಸುತ್ತಲಿನ ಹಳ್ಳಿಗಳಿಂದ ಜನ ದುಡಿಯಲು ಬರುತ್ತಾರೆ. ಕಪಿಲೆಯ ಆಚೀಚೆ ಹರಡಿರುವ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಇಂಥ ಕುಟುಂಬಗಳಿಗೆ ಇಂಗ್ಲಿಷ್ ಎಂಬುದು ಮಕ್ಕಳ ಮುಂದಿನ ಜೀವನೋಪಾಯದ ಪ್ರಶ್ನೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಗು ಇಂಗ್ಲಿಷ್ ಕಿರುನಾಟಕವೊಂದರ ನಾಲ್ಕು ಮಾತುಗಳನ್ನು ತಡವರಿಸದೆ ಆಡಿದರೆ, ಕಟ್ಟಿದ ಶುಲ್ಕ ಸಾರ್ಥಕವಾಯಿತೆಂದು ಹೆತ್ತವರು ಭಾವಿಸುತ್ತಾರೆ. ಆದರೆ ಮರುದಿನ ಅದೇ ಮಗುವಿಗೆ ಯಾರಾದರೂ ನಾಟಕದಲ್ಲಿಲ್ಲದ ಪ್ರಶ್ನೆಯೊಂದನ್ನು ಇಂಗ್ಲಿಷಿನಲ್ಲಿ ಕೇಳಿದರೆ ಉತ್ತರ ಹೊರಡುವುದು ಅಪರೂಪ. ಹಾಗಿದ್ದರೆ ಆ ಮಗು ಕಲಿತದ್ದು ಏನು?

ಅಭಿನಯದ ಮೂಲಕ ಇಂಗ್ಲಿಷ್ ಕಲಿಸುವುದು ಪಾಶ್ಚಾತ್ಯ ಬೋಧನಶಾಸ್ತ್ರದಿಂದ ಈಚೆಗೆ ಬಂದ ವಿಧಾನವೆಂಬ ನಂಬಿಕೆ ನಮ್ಮ ಶಿಕ್ಷಕ ತರಬೇತಿಯ ವಲಯದಲ್ಲಿ ಸಾಮಾನ್ಯ. ಪ್ರಸ್ತುತ ಲೇಖನದಲ್ಲಿ ನಾವು ಆ ನಂಬಿಕೆಯನ್ನು ಮೈಸೂರು ಸೀಮೆಯ ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುತ್ತೇವೆ. ಇಲ್ಲಿ ನಾಟಕಕ್ಕೂ ನುಡಿಗಲಿಕೆಗೂ ಎರಡು ಹಳೆಯ ನಂಟುಗಳಿದ್ದವು: ಒಂದು ಕಾಲೇಜಿನದು, ಇನ್ನೊಂದು ಹಳ್ಳಿಯದು. ಆಧುನಿಕ ಇಂಗ್ಲಿಷ್ ಬೋಧನೆ ಮೊದಲನೆಯದನ್ನು ಮರೆಯಿತು, ಎರಡನೆಯದನ್ನು ಗಮನಿಸಲೇ ಇಲ್ಲ. ನುಡಿಯ ಕಲಿಕೆ ನಡೆಯುವುದು ಪ್ರದರ್ಶನಕ್ಕಿಂತ ಹೆಚ್ಚಾಗಿ ತಾಲೀಮಿನಲ್ಲಿ ಎಂಬುದು ಈ ಎರಡನ್ನೂ ಒಟ್ಟಿಗೆ ನೋಡಿದಾಗ ನಮಗೆ ಸಿಗುವ ನಿಲುವು.

2. ಕಾಲೇಜಿನ ನಾಟಕ: ಓದಿನಿಂದ ಅನುವಾದಕ್ಕೆ

ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಇಂಗ್ಲಿಷ್ ಶಾಲೆ ಮುಂದೆ ಮಹಾರಾಜ ಕಾಲೇಜಾಗಿ ಬೆಳೆಯಿತು. ಅಂದಿನ ಇತರ ಭಾರತೀಯ ಕಾಲೇಜುಗಳಂತೆ ಇಲ್ಲಿಯೂ ಇಂಗ್ಲಿಷ್ ವ್ಯಾಸಂಗದ ನಡುವೆ ಷೇಕ್ಸ್‌ಪಿಯರ್ ನಿಂತಿದ್ದ. ವಿದ್ಯಾರ್ಥಿಗೆ ಇಂಗ್ಲಿಷಿನ ಸಂಭಾಷಣೆ ದೊರೆಯುತ್ತಿದ್ದ ಮುಖ್ಯ ಆಕರವೇ ನಾಟಕ. ಆದರೆ ಅದು ಅವನಿಗೆ ಅಭಿನಯವಾಗಿ ಸಿಕ್ಕದೆ, ಟಿಪ್ಪಣಿ ಬರೆದು ಪರೀಕ್ಷೆಯಲ್ಲಿ ಒಪ್ಪಿಸಬೇಕಾದ ಪಠ್ಯವಾಗಿಯೇ ಸಿಕ್ಕಿತು.

ಆ ನಾಟಕಗಳು ರಂಗಕ್ಕೆ ಏರಿದ್ದು ಬಹುಮಟ್ಟಿಗೆ ಕನ್ನಡದಲ್ಲಿ. ಹತ್ತನೆಯ ಚಾಮರಾಜ ಒಡೆಯರ ಆಶ್ರಯದ ಅರಮನೆಯ ನಾಟಕ ಸಭೆಗೆ ದುಡಿದ ಬಸವಪ್ಪ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ಇಂಗ್ಲಿಷ್ ಬಲ್ಲವರಲ್ಲ. ಇಂಗ್ಲಿಷ್ ಬಲ್ಲ ಸಿ. ಸುಬ್ಬರಾಯರ ನೆರವಿನಿಂದ ಅವರು ‘ಒಥೆಲೊ’ ನಾಟಕವನ್ನು ‘ಶೂರಸೇನ ಚರಿತೆ’ಯಾಗಿ ಕನ್ನಡಕ್ಕೆ ತಂದರು. ಎಂ.ಎಲ್. ಶ್ರೀಕಂಠೇಶಗೌಡರು ‘ಮ್ಯಾಕ್‌ಬೆತ್’ ನಾಟಕವನ್ನು ‘ಪ್ರತಾಪರುದ್ರದೇವ’ವಾಗಿಸಿದರು. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ ಬಿ.ಎಂ. ಶ್ರೀಕಂಠಯ್ಯನವರು ಸೋಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ಆಧರಿಸಿ ‘ಅಶ್ವತ್ಥಾಮನ್’ ರಚಿಸಿದರು. ಕುವೆಂಪು ಅವರ ‘ಬಿರುಗಾಳಿ’ ಮತ್ತು ‘ರಕ್ತಾಕ್ಷಿ’ ಅದೇ ಪರಂಪರೆಯ ಮುಂದಿನ ಕೃತಿಗಳು.

ಸಾಹಿತ್ಯ ಚರಿತ್ರೆ ಇದನ್ನು ರೂಪಾಂತರದ ಯುಗವೆಂದು ಗುರುತಿಸುತ್ತದೆ. ನುಡಿಗಲಿಕೆಯ ದೃಷ್ಟಿಯಿಂದ ಇದಕ್ಕೆ ಇನ್ನೊಂದು ಅರ್ಥವೂ ಉಂಟು. ಇಂಗ್ಲಿಷ್ ಓದಿದ ವಿದ್ಯಾವಂತನು ನಾಟಕವನ್ನು ಆಡಿಸಬೇಕೆಂದಾಗ ತನ್ನ ನುಡಿಗೆ ಮರಳಿದನು. ಹೀಗಾಗಿ ಇಂಗ್ಲಿಷ್ ಕಣ್ಣಿನ ಭಾಷೆಯಾಗಿ ಉಳಿದು, ಕಿವಿಯ ಮತ್ತು ದೇಹದ ಭಾಷೆಯಾಗಿ ಕನ್ನಡ ಬೆಳೆಯಿತು. ಕನ್ನಡಕ್ಕೆ ಇದರಿಂದ ಆದ ಲಾಭ ದೊಡ್ಡದು. ಇಂಗ್ಲಿಷಿನ ಮಾತುಗಾರಿಕೆಗೆ ಒದಗಿದ ತರಬೇತಿ ಮಾತ್ರ ಅಲ್ಪ.

ಇದಕ್ಕೆ ಹೊರತಾಗಿ ನಿಲ್ಲುವವರು ಟಿ.ಪಿ. ಕೈಲಾಸಂ (1884–1946). ಪುರಾಣವಸ್ತುವಿನ ನಾಟಕಗಳನ್ನು ಅವರು ಇಂಗ್ಲಿಷಿನಲ್ಲೇ ಬರೆದರು. ಅವರ ಕನ್ನಡ ನಾಟಕಗಳಲ್ಲಿ ಮೈಸೂರು–ಬೆಂಗಳೂರಿನ ವಿದ್ಯಾವಂತ ಮನೆಗಳ ಮಿಶ್ರನುಡಿ ರಂಗದ ಮೇಲೆ ಕೇಳಿಸಿತು. ಆ ನುಡಿಯಲ್ಲಿ ವ್ಯಾಕರಣದ ಚೌಕಟ್ಟು ಕನ್ನಡದ್ದು. ಇಂಗ್ಲಿಷ್ ನಾಮಪದಗಳು ಕನ್ನಡದ ವಿಭಕ್ತಿ ಪ್ರತ್ಯಯ ಪಡೆಯುತ್ತವೆ, ಇಂಗ್ಲಿಷ್ ಕ್ರಿಯಾಪದಗಳು ‘ಮಾಡು’ ಧಾತುವಿನ ಆಸರೆಯಲ್ಲಿ ನಿಲ್ಲುತ್ತವೆ. ಪ್ರೇಕ್ಷಕರು ನಕ್ಕರೆ ಅದಕ್ಕೆ ಕಾರಣ, ಆ ನುಡಿಯ ಹಿಂದಿನ ಅಂತಸ್ತಿನ ಲೆಕ್ಕಾಚಾರ ಅವರಿಗೆ ಚೆನ್ನಾಗಿ ಗೊತ್ತಿದ್ದುದು. ರಂಗದ ಮೇಲಿನ ಇಂಗ್ಲಿಷ್ ಕಲಿಕೆಗಿಂತ ಮೊದಲು ಪ್ರತಿಷ್ಠೆಯ ಗುರುತಾಗಿತ್ತು. ಇಂದಿನ ವಾರ್ಷಿಕೋತ್ಸವದ ಕಿರುನಾಟಕ ಈ ಹೊರೆಯನ್ನು ಇನ್ನೂ ಹೊತ್ತಿದೆ.

3. ಹಳ್ಳಿಯ ನಾಟಕ: ದೂರದ ನುಡಿಯನ್ನು ಕಿವಿಯಿಂದ ಕಲಿಯುವುದು

ಎರಡನೆಯ ನಂಟು ಇಂಗ್ಲಿಷಿಗೆ ನೇರವಾಗಿ ಸೇರಿದ್ದಲ್ಲ; ಆದರೆ ನಮ್ಮ ಪ್ರಶ್ನೆಗೆ ಅದೇ ಹೆಚ್ಚು ಹತ್ತಿರ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಜಾತ್ರೆ, ಹಬ್ಬಗಳ ಸುತ್ತ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕಗಳನ್ನು ಊರಿನವರೇ ಆಡುವ ರೂಢಿ ಇಂದಿಗೂ ಇದೆ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಹಗಲು ಹೊಲಗದ್ದೆ ಅಥವಾ ಕಾರ್ಖಾನೆಯ ಕೆಲಸ ಮುಗಿಸಿದ ಮೇಲೆ ರಾತ್ರಿ ತಾಲೀಮು ನಡೆಸುತ್ತಾರೆ. ಓದುಬರಹ ಬಲ್ಲವನು ತನ್ನ ಪಾತ್ರವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾನೆ. ಬಾರದವನು ಮೇಷ್ಟ್ರ ಬಾಯಿಂದಲೇ ಕಲಿಯುತ್ತಾನೆ.

ಅವನು ಕಲಿಯುವುದು ತನ್ನ ದಿನಬಳಕೆಯ ನುಡಿಯಲ್ಲ. ಪುಣೆಯ ಡೆಕ್ಕನ್ ಕಾಲೇಜು ಪ್ರಕಟಿಸಿದ ಕನ್ನಡ ಉಪಭಾಷೆಗಳ ಅಧ್ಯಯನಗಳಲ್ಲಿ ನಂಜನಗೂಡು ಕನ್ನಡವೂ ಒಂದು. ಈ ಭಾಗದ ಗ್ರಾಮೀಣ ಆಡುನುಡಿಯಲ್ಲಿ ಪದಾದಿಯ ಹಕಾರ ಬಿದ್ದುಹೋಗುತ್ತದೆ: ಹಾಲು ‘ಆಲು’, ಹಳ್ಳಿ ‘ಅಳ್ಳಿ’. ಮಹಾಪ್ರಾಣಗಳು ಅಲ್ಪಪ್ರಾಣಗಳಾಗುತ್ತವೆ; ಶಕಾರ ಷಕಾರಗಳು ಸಕಾರದಲ್ಲಿ ಸೇರಿಹೋಗುತ್ತವೆ. ದುರ್ಯೋಧನನ ಮಾತಿನಲ್ಲಾದರೋ ಇವೆಲ್ಲ ಬೇರೆಬೇರೆಯಾಗಿ ಕೇಳಿಸಬೇಕು. ಜೊತೆಗೆ ದೀರ್ಘ ಸಮಾಸ, ಸಂಸ್ಕೃತ ಸಂಬೋಧನೆ, ಕಂದಪದ್ಯದ ಲಯ. ಚಾರ್ಲ್ಸ್ ಫರ್ಗುಸನ್ 1959ರಲ್ಲಿ ವಿವರಿಸಿದ ದ್ವಿಸ್ತರ ಭಾಷಾಸ್ಥಿತಿಯ ಮೇಲ್‌ಸ್ತರವನ್ನು ಈ ನಟ ಶಾಲೆಯ ನೆರವಿಲ್ಲದೆ, ಬಾಯಿ ಮತ್ತು ದೇಹಗಳ ಮೂಲಕ ವಶಪಡಿಸಿಕೊಳ್ಳುತ್ತಾನೆ. ಕೆಲವೊಮ್ಮೆ ಅತಿಶುದ್ಧಿಯ ಭರದಲ್ಲಿ ಅರ್ಜುನ ‘ಹರ್ಜುನ’ನಾಗುವುದೂ ಉಂಟು. ಊರಿನವರು ನಗುವ ಆ ತಪ್ಪು ಭಾಷಾವಿಜ್ಞಾನಿಗೆ ಅಮೂಲ್ಯವಾದುದು. ಬರಿಯ ಗಿಳಿಪಾಠದಲ್ಲಿ ಕೇಳಿದ್ದೇ ಮರಳಿ ಬರಬೇಕು. ಕೇಳದಿದ್ದ ಕಡೆ ಹಕಾರ ಬಂದಿತೆಂದರೆ ಕಲಿಯುವವನು ಒಂದು ನಿಯಮವನ್ನು ಊಹಿಸಿಕೊಂಡು ಅನ್ವಯಿಸುತ್ತಿದ್ದಾನೆಂದು ಅರ್ಥ.

ಈ ಪದ್ಧತಿಯ ಮಿತಿಯನ್ನೂ ಒಪ್ಪಿಕೊಳ್ಳಬೇಕು. ರಾತ್ರಿಯಿಡೀ ಭೀಮನಾಗಿ ಗರ್ಜಿಸಿದವನು ಬೆಳಿಗ್ಗೆ ಸಂತೆಯಲ್ಲಿ ಆ ಕನ್ನಡವನ್ನು ಆಡುವುದಿಲ್ಲ, ಆಡಬೇಕಾಗಿಯೂ ಇಲ್ಲ. ಕಂಠಸ್ಥವಾದದ್ದು ಪಾತ್ರಕ್ಕೆ ಅಂಟಿಕೊಂಡ ನುಡಿ. ಇಡಿಯಾಗಿ ಕಲಿತ ನುಡಿಗಟ್ಟುಗಳು ಬಿಡಿಯಾಗಿ ಒಡೆದು ಹೊಸ ವಾಕ್ಯಗಳಿಗೆ ಒದಗುತ್ತವೆಯೇ ಎಂಬುದು ಸಿದ್ಧಸೂತ್ರ ನುಡಿಯ ಅಧ್ಯಯನದಲ್ಲಿ, ಮುಖ್ಯವಾಗಿ ಆಲಿಸನ್ ರೇ ಅವರ 2002ರ ಗ್ರಂಥದ ನಂತರ, ಚರ್ಚೆಗೆ ಒಳಗಾಗಿರುವ ವಿಷಯ. ಹಳ್ಳಿಯ ನಟನಿಗೆ ಅಂಥ ಒಡೆಯುವಿಕೆಯ ಅಗತ್ಯವಿಲ್ಲ. ತಾಂಡ್ಯದ ಕಾರ್ಮಿಕನ ಮಗುವಿಗೆ ಇಂಗ್ಲಿಷಿನಲ್ಲಿ ಅದೇ ಮುಖ್ಯ ಅಗತ್ಯ.

4. ಹೊರಗಿನಿಂದ ಬಂದ ವಿಧಾನಗಳು

ಇಂಗ್ಲೆಂಡಿನಲ್ಲಿ ಕಾಲ್ಡ್‌ವೆಲ್ ಕುಕ್ ‘ದಿ ಪ್ಲೇ ವೇ’ ಗ್ರಂಥವನ್ನು 1917ರಲ್ಲಿ ಪ್ರಕಟಿಸಿ, ನಾಟಕವನ್ನು ಓದುವ ಬದಲು ಆಡಿ ಕಲಿಯಬೇಕೆಂದು ವಾದಿಸಿದರು. ಅವರ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ತಾಯ್ನುಡಿ. ಅನ್ಯಭಾಷೆಯಾಗಿ ಇಂಗ್ಲಿಷ್ ಕಲಿಯುವವರಿಗೆ ಅಭಿನಯವನ್ನು ವ್ಯವಸ್ಥಿತವಾಗಿ ಹೊಂದಿಸಿದ ಗ್ರಂಥಗಳಲ್ಲಿ ಅಲನ್ ಮೇಲಿ ಮತ್ತು ಅಲನ್ ಡಫ್ ಅವರ 1978ರ ಕೃತಿ ಪ್ರಮುಖವಾದುದು. ಸಿದ್ಧ ನಾಟಕವನ್ನು ಪ್ರೇಕ್ಷಕರ ಮುಂದೆ ಒಪ್ಪಿಸುವುದು ಅವರ ಗುರಿಯಾಗಿರಲಿಲ್ಲ. ತರಗತಿಯೊಳಗೆ ಸನ್ನಿವೇಶ ಕಲ್ಪಿಸಿ ಮಾತು ಹುಟ್ಟಿಸುವುದು ಗುರಿಯಾಗಿತ್ತು.

ಇತ್ತ ಕರ್ನಾಟಕದಲ್ಲಿ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು. ಅಂದು ಪ್ರಬಲವಾಗಿದ್ದ ರಚನಾತ್ಮಕ ವಿಧಾನದಲ್ಲಿ ವಾಕ್ಯಮಾದರಿಗಳನ್ನು ಶ್ರೇಣೀಕರಿಸಿ ಪುನರುಚ್ಚಾರ ಮಾಡಿಸುತ್ತಿದ್ದರು. ಇದಕ್ಕೆ ಎದುರಾಗಿ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನಲ್ಲೆಲ್ಲ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾಗಿದೆ. ರೈಲ್ವೆ ವೇಳಾಪಟ್ಟಿ, ನಕ್ಷೆಗಳಂಥ ಸಾಮಗ್ರಿಯನ್ನು ಕೊಟ್ಟು ವಿದ್ಯಾರ್ಥಿಗಳು ತರ್ಕಿಸಿ ಉತ್ತರ ಕಂಡುಕೊಳ್ಳುವಂತೆ ಮಾಡುವುದು ಅದರ ಕ್ರಮ. ಗಮನ ಅರ್ಥದ ಮೇಲಿರುವಾಗಲೇ ವ್ಯಾಕರಣ ಮನಸ್ಸಿನಲ್ಲಿ ಕುದುರುತ್ತದೆ ಎಂಬುದು ಪ್ರಭು ಅವರ ನಿಲುವು. ಬೆರೆಟ್ಟಾ ಮತ್ತು ಡೇವಿಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನ ಈ ನಿಲುವಿಗೆ ಎಚ್ಚರದ ಬೆಂಬಲ ನೀಡಿತು.

ಪ್ರಭು ಅವರ ಚಟುವಟಿಕೆಗಳ ಕೇಂದ್ರದಲ್ಲಿ ತರ್ಕವಿತ್ತು, ಪಾತ್ರವಿರಲಿಲ್ಲ. ಆದ್ದರಿಂದ ಅವರ ಪ್ರಯೋಗವನ್ನೂ ನಾಟಕವನ್ನೂ ವಿರುದ್ಧ ಧ್ರುವಗಳೆಂದು ಕಾಣುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ‘ಈ ಮಾತನ್ನು ಇವನು ಈಗ ಏಕೆ ಆಡುತ್ತಾನೆ?’ ಎಂದು ತಾಲೀಮಿನಲ್ಲಿ ಕೇಳುವ ಪ್ರಶ್ನೆಯೂ ತರ್ಕದ ಸಮಸ್ಯೆಯೇ. ಉತ್ತರ ಪಠ್ಯದಲ್ಲಿದೆ, ಆದರೆ ಅದನ್ನು ಊಹಿಸಿ ತೆಗೆಯಬೇಕು.

ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ರಂಗಾಯಣ ಆರಂಭವಾಯಿತು. 1995ರಲ್ಲಿ ಇದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿಕಲಿ ಮೊಳೆಯಿತು. 2007–08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದಿತು. ರಂಗಭೂಮಿ, ಚಟುವಟಿಕೆಯ ಕಲಿಕೆ, ಇಂಗ್ಲಿಷ್ ಈ ಮೂರೂ ಒಂದೇ ಜಿಲ್ಲೆಯಲ್ಲಿ ಅಕ್ಕಪಕ್ಕ ಇದ್ದರೂ, ಇವನ್ನು ಬೆಸೆಯುವ ಬೋಧನಕ್ರಮ ಸಾಮಾನ್ಯ ಇಂಗ್ಲಿಷ್ ತರಗತಿಯಲ್ಲಿ ನೆಲೆಯೂರಲಿಲ್ಲ.

5. ತಾಲೀಮು ಕಲಿಸುವುದೇನು

ಬೆಸುಗೆ ಏಕೆ ಬೇಕೆಂಬುದನ್ನು ಒಂದು ವ್ಯಾಕರಣಾಂಶದಿಂದ ತೋರಿಸಬಹುದು. ಕನ್ನಡದಲ್ಲಿ ಒತ್ತಿ ಹೇಳಬೇಕಾದ ಪದಕ್ಕೆ ‘ಏ’ ಎಂಬ ಅವಧಾರಣೆ ಸೇರುತ್ತದೆ, ಇಲ್ಲವೆ ವಾಕ್ಯರಚನೆಯೇ ಬದಲಾಗುತ್ತದೆ: ‘ಅವನೇ ಹೇಳಿದ’, ‘ಹೇಳಿದ್ದು ಅವನು’. ಇಂಗ್ಲಿಷಿನಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಸ್ವರಭಾರ ಮಾಡುತ್ತದೆ. ‘ಐ ಡಿಡ್ ನಾಟ್ ಟೇಕ್ ಯುವರ್ ಪೆನ್’ ಎಂಬಲ್ಲಿ ಒತ್ತು ‘ಐ’ ಮೇಲೆ ಬಿದ್ದರೆ ತೆಗೆದುಕೊಂಡವನು ಬೇರೊಬ್ಬ. ‘ಯುವರ್’ ಮೇಲೆ ಬಿದ್ದರೆ ಪೆನ್ನು ಇನ್ನೊಬ್ಬರದು. ‘ಪೆನ್’ ಮೇಲೆ ಬಿದ್ದರೆ ತೆಗೆದುಕೊಂಡದ್ದು ಬೇರೆ ವಸ್ತು. ಕನ್ನಡಿಗ ಕಲಿಯುವವನು ಸ್ವರಭಾರದ ಬದಲು ‘ಓನ್ಲಿ’ ಪದವನ್ನು ಅವಧಾರಣೆಯ ಜಾಗದಲ್ಲಿ ಇಡುತ್ತಾನೆ: ‘ಹಿ ಓನ್ಲಿ ಟೋಲ್ಡ್’. ಮುದ್ರಿತ ಪಠ್ಯದಲ್ಲಿ ಸ್ವರಭಾರ ಕಾಣದು. ಪುನರುಚ್ಚಾರದಲ್ಲಿ ಅದು ಎಲ್ಲ ಪದಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಕಳ್ಳತನದ ಆರೋಪ ಹೊತ್ತ ಪಾತ್ರವಾಗಿ ನಿಂತು, ಎದುರಿನವನ ಸಂಶಯಕ್ಕೆ ತಕ್ಕಂತೆ ಈ ವಾಕ್ಯವನ್ನು ಮೂರು ಬಗೆಯಾಗಿ ಆಡಿದ ಮಗುವಿಗೆ ವ್ಯತ್ಯಾಸದ ಅಗತ್ಯ ತಾನಾಗಿ ತಿಳಿಯುತ್ತದೆ.

ಇದು ನಡೆಯುವುದು ಪ್ರಯತ್ನ, ತಪ್ಪು, ತಿದ್ದುಪಡಿಗೆ ಎಡೆಯಿರುವ ತಾಲೀಮಿನಲ್ಲಿ. ಪ್ರದರ್ಶನದ ದಿನ ಉಳಿಯುವುದು ತೀರ್ಮಾನವಾದ ಒಂದೇ ಉಚ್ಚಾರ. ಶಾಲೆ ಪ್ರದರ್ಶನವನ್ನೇ ಗುರಿಯಾಗಿಸಿಕೊಂಡಾಗ ತಾಲೀಮು ಬಾಯಿಪಾಠಕ್ಕೆ ಕುಗ್ಗುತ್ತದೆ. ಚೆನ್ನಾಗಿ ಮಾತಾಡಬಲ್ಲ ಮಗುವಿಗೇ ಮಾತುಗಳು ಸಿಗುತ್ತವೆ, ಉಳಿದವರು ಮರ, ಮೋಡ, ಸೈನಿಕರಾಗಿ ನಿಲ್ಲುತ್ತಾರೆ. ಮನೆಯಲ್ಲಿ ಇಂಗ್ಲಿಷ್ ಕೇಳದ ಮಗುವೇ ಹೀಗೆ ಹಿಂದೆ ಬೀಳುತ್ತದೆ.

6. ಉಪಸಂಹಾರ

ಕಾಲೇಜಿನ ಪರಂಪರೆ ನಾಟಕದ ಅರ್ಥವನ್ನು ಬಿಡಿಸಿತು, ಆದರೆ ಬಾಯಿಗೆ ಕೆಲಸ ಕೊಡಲಿಲ್ಲ. ಹಳ್ಳಿಯ ಪರಂಪರೆ ಬಾಯಿಗೂ ದೇಹಕ್ಕೂ ಕೆಲಸ ಕೊಟ್ಟಿತು, ಆದರೆ ಕಲಿತದ್ದನ್ನು ಒಡೆದು ಮರುಬಳಸುವ ಅವಕಾಶ ಅಲ್ಲಿರಲಿಲ್ಲ. ಇಂಗ್ಲಿಷ್ ತರಗತಿಗೆ ಎರಡೂ ಬೇಕು: ಹಾರ್ಮೋನಿಯಂ ಮೇಷ್ಟ್ರಂತೆ ಕಿವಿಯಿಂದ ಕಿವಿಗೆ ದಾಟಿಸುವ ತಾಳ್ಮೆ, ಮತ್ತು ಪ್ರತಿ ಮಾತಿಗೂ ‘ಏಕೆ’ ಎಂದು ಕೇಳುವ ತರ್ಕ. ಇದಕ್ಕೆ ವೇದಿಕೆ, ಉಡುಪು, ಪರದೆಗಳ ಖರ್ಚಿಲ್ಲ.

ಸಂಶೋಧನೆಯ ದೃಷ್ಟಿಯಿಂದ ನಾವು ಮುಂದಿಡುವ ಸೂಚನೆ ಇಷ್ಟು. ನಾಟಕದ ಮೂಲಕ ಇಂಗ್ಲಿಷ್ ಕಲಿಕೆಯನ್ನು ಅಳೆಯುವವರು ಪ್ರದರ್ಶನದ ಧ್ವನಿಮುದ್ರಣಕ್ಕೆ ನಿಲ್ಲದೆ ತಾಲೀಮಿನ ಮಾತುಕತೆಯನ್ನು ದಾಖಲಿಸಬೇಕು. ಪಾತ್ರದ ವಾಕ್ಯಗಳು ಪಾತ್ರದ ಹೊರಗೆ ಎಂದು, ಯಾವ ರೂಪದಲ್ಲಿ ಮರಳಿ ಕಾಣಿಸುತ್ತವೆ ಎಂಬುದನ್ನು ಹಿಂಬಾಲಿಸಬೇಕು. ಹಳ್ಳಿಯ ತಾಲೀಮುಗಳನ್ನೂ ಭಾಷಾಕಲಿಕೆಯ ಸನ್ನಿವೇಶಗಳೆಂದೇ ಅಧ್ಯಯನ ಮಾಡಬೇಕು. ತಾಂಡ್ಯದಲ್ಲಿ ಹಗಲು ದುಡಿದು ರಾತ್ರಿ ಕರ್ಣನ ಪಾತ್ರ ಕಲಿಯುವ ತಂದೆಗೂ, ಶಾಲೆಯಲ್ಲಿ ನಾಲ್ಕು ಇಂಗ್ಲಿಷ್ ಮಾತು ಕಲಿಯುವ ಮಗಳಿಗೂ ಎದುರಾಗುವ ಸಮಸ್ಯೆ ಒಂದೇ ಜಾತಿಯದು. ತಂದೆಗೆ ಮೇಷ್ಟ್ರು ತಿಂಗಳುಗಟ್ಟಲೆ ಸಮಯ ಕೊಡುತ್ತಾರೆ. ಮಗಳಿಗೂ ಅಷ್ಟು ಸಮಯ ಸಿಗಬೇಕು.