ಇಂಗ್ಲಿಷಿನ ‘ಬಿ’ಯೂ ನಮ್ಮ ‘ಇಲ್ಲ–ಅಲ್ಲ’ಗಳೂ

ಸರ್ಕಾರಿ ಪತ್ರವ್ಯವಹಾರವನ್ನು ಬಲ್ಲವರಿಗೆ ‘ಐ ಆ್ಯಮ್ ಡೈರೆಕ್ಟೆಡ್ ಟು’ ಎಂಬ ಪಲ್ಲವಿ ಹೊಸದಲ್ಲ. ಮೇಲಿನವರ ಪರವಾಗಿ ಬರೆಯುವ ಪತ್ರ ಹೀಗೇ ಆರಂಭವಾಗಬೇಕು. ಮುಂದಿನ ಪ್ಯಾರಾದಲ್ಲಿ ‘ಐ ಆ್ಯಮ್ ಟು ಆ್ಯಡ್’ ಎಂದು ಬರುತ್ತದೆ. ಬ್ರಿಟಿಷರ ಕಾಲದಲ್ಲಿ ಪತ್ರದ ಕೊನೆಗೂ ‘ಐ ಹ್ಯಾವ್ ದಿ ಆನರ್ ಟು ಬಿ’ ಎಂದು ಬರೆದು, ತಮ್ಮ ಪರಮ ವಿಧೇಯ ಸೇವಕನೆಂದು ರುಜು ಹಾಕುವ ಪದ್ಧತಿಯಿತ್ತು. ಮೊದಲಲ್ಲೂ ನಡುವೆಯೂ ಕೊನೆಯಲ್ಲೂ ಅದೇ ಒಂದು ಕ್ರಿಯಾಪದ. ಇಪ್ಪತ್ತು ವರ್ಷ ಇಂಥ ಕರಡುಗಳನ್ನು ಬರೆದ ನಾವು ಅದರ ಹುಟ್ಟುಪೂರ್ವವನ್ನು ಎಂದೂ ವಿಚಾರಿಸಿರಲಿಲ್ಲ. ವಿಚಾರಿಸುವಂತೆ ಮಾಡಿದ್ದು ಮನೆಯಲ್ಲಿ ನಡೆದ ಒಂದು ಪ್ರಸಂಗ. ಅದನ್ನು ಮುಂದೆ ಹೇಳುತ್ತೇವೆ, ಮೊದಲು ಚರಿತ್ರೆ.

ಇಂಗ್ಲಿಷಿನಲ್ಲಿ ಸಾಮಾನ್ಯ ಕ್ರಿಯಾಪದಕ್ಕೆ ನಾಲ್ಕೈದು ರೂಪಗಳಿದ್ದರೆ ‘ಬಿ’ಗೆ ಎಂಟು: ಬಿ, ಆ್ಯಮ್, ಈಸ್, ಆರ್, ವಾಸ್, ವರ್, ಬೀಯಿಂಗ್, ಬೀನ್. ಒಂದರ ಮುಖ ಇನ್ನೊಂದಕ್ಕೆ ಹೋಲದು. ಹೋಲದಿರುವುದಕ್ಕೆ ಕಾರಣವಿದೆ. ಇವು ಒಂದೇ ತಾಯಿಯ ಮಕ್ಕಳಲ್ಲ. ಬೇರೆ ಬೇರೆ ಧಾತುಗಳಿಂದ ಹುಟ್ಟಿ ಒಂದೇ ಮನೆಗೆ ಬಂದು ಸೇರಿದವು.

ಆ ಧಾತುಗಳು ಸಂಸ್ಕೃತ ಬಲ್ಲವರಿಗೆ ಹಳೆಯ ಪರಿಚಯ. ‘ಆ್ಯಮ್’, ‘ಈಸ್’ ಎಂಬವು ಸಂಸ್ಕೃತದ ‘ಅಸ್ಮಿ’, ‘ಅಸ್ತಿ’ಗಳ ಸೋದರರು, ನಾವು ಬಳಸುವ ಅಸ್ತಿತ್ವ, ನಾಸ್ತಿಕ, ಸತ್ಯ ಮೊದಲಾದ ಶಬ್ದಗಳೂ ಆ ‘ಅಸ್’ ಧಾತುವಿನವೇ. ‘ಬಿ’, ‘ಬೀನ್’ ಎಂಬವು ‘ಭೂ’ ಧಾತುವಿನ ಬಂಧುಗಳು. ಭವಿಷ್ಯ, ಸಂಭವ, ಅನುಭವ ಎಲ್ಲ ಅದೇ ಬಳಗ. ‘ವಾಸ್’, ‘ವರ್’ ಎಂಬವು ‘ವಸ್’, ಅಂದರೆ ನೆಲಸು ಎಂಬ ಧಾತುವಿಗೆ ಸೇರಿದವು. ಇಂಗ್ಲಿಷಿನವನು ‘ಹಿ ವಾಸ್’ ಎಂದಾಗ ಬರುವ ‘ವಾಸ್’ಗೂ ನಾವು ಅರ್ಜಿಯಲ್ಲಿ ತುಂಬುವ ‘ವಾಸಸ್ಥಳ’ದ ‘ವಾಸ’ಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ, ರಕ್ತಸಂಬಂಧ.

ಈ ಸಂಬಂಧದ ಕಡೆಗೆ ವಿದ್ವಾಂಸರ ಗಮನ ಸೆಳೆದ ಪ್ರಸಿದ್ಧ ಭಾಷಣ ನಡೆದದ್ದು ನಮ್ಮ ದೇಶದಲ್ಲೇ. 1786ರ ಫೆಬ್ರವರಿ 2ರಂದು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಮಾತನಾಡುತ್ತ ಸರ್ ವಿಲಿಯಂ ಜೋನ್ಸರು, ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಧಾತುಗಳಲ್ಲೂ ವ್ಯಾಕರಣದಲ್ಲೂ ಕಾಣುವ ಸಾಮ್ಯ ಆಕಸ್ಮಿಕವಾಗಿರಲಾರದೆಂದು ಹೇಳಿದರು. ಮೂವತ್ತು ವರ್ಷಗಳ ಬಳಿಕ, 1816ರಲ್ಲಿ, ಜರ್ಮನಿಯ ಫ್ರಾಂಜ್ ಬಾಪ್ ಈ ಭಾಷೆಗಳ ಕ್ರಿಯಾರೂಪಗಳನ್ನು ಹೋಲಿಸಿ ಗ್ರಂಥವನ್ನೇ ಬರೆದರು. ಅದೇ 1816ರಲ್ಲಿ ಮದರಾಸಿನ ಅಧಿಕಾರಿ ಫ್ರಾನ್ಸಿಸ್ ಎಲ್ಲಿಸ್, ಕನ್ನಡ, ತಮಿಳು, ತೆಲುಗು ಮುಂತಾದವು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದು ಬೇರೆಯೇ ಕುಟುಂಬ ಎಂದು ತೋರಿಸಿದರು. 1856ರಲ್ಲಿ ಕಾಲ್ಡ್‌ವೆಲ್ಲರ ದ್ರಾವಿಡ ತೌಲನಿಕ ವ್ಯಾಕರಣ ಇದನ್ನು ಸವಿಸ್ತಾರವಾಗಿ ಸ್ಥಾಪಿಸಿತು. ಹೀಗಾಗಿ ಇಂಗ್ಲಿಷಿನ ‘ಈಸ್’ ಸಂಸ್ಕೃತದ ‘ಅಸ್ತಿ’ಗೆ ನೆಂಟನಾದರೂ ನಮ್ಮ ‘ಇರು’, ‘ಆಗು’ಗಳಿಗೆ ನೆಂಟನಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಒಂದು ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಎರಡು ಕ್ರಿಯಾಪದಗಳಿದ್ದವು: ‘ವೆಸನ್’ ಮತ್ತು ‘ಬೇಯೋನ್’. ಈಗ, ಇಲ್ಲಿ ಇರುವ ಸ್ಥಿತಿಗೆ ಮೊದಲನೆಯದರ ರೂಪಗಳು. ಎಂದೆಂದಿಗೂ ಸಲ್ಲುವ ಮಾತಿಗೆ, ಮುಂದೆ ಆಗಲಿರುವುದಕ್ಕೆ ಹೆಚ್ಚಾಗಿ ಎರಡನೆಯದರವು. ಈ ವ್ಯತ್ಯಾಸ ಕ್ರಮೇಣ ಅಳಿಸಿಹೋಗಿ ಎರಡೂ ಬೆರೆತುಹೋದವು.

ಇನ್ನು ‘ಆರ್’ ಎಂಬುದರ ಕಥೆ. ಒಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಕ್ಯಾಂಡಿನೇವಿಯಾದ ವೈಕಿಂಗರು ಇಂಗ್ಲೆಂಡಿನ ಉತ್ತರ ಭಾಗಕ್ಕೆ ದಂಡೆತ್ತಿ ಬಂದು ಅಲ್ಲೇ ಬೇಸಾಯ ಹೂಡಿ ನಿಂತರು. ಬಂದವರ ಭಾಷೆಯಲ್ಲಿ ಇದಕ್ಕೆ ‘ಎರು’ ಎಂಬ ರೂಪವಿತ್ತು. ಉತ್ತರದ ಇಂಗ್ಲಿಷಿನಲ್ಲಿ ‘ಆರೊನ್’ ಎಂಬ ರೂಪವಿತ್ತು. ಎರಡೂ ಒಂದಕ್ಕೊಂದು ಬಲ ಕೊಟ್ಟವು. ದಕ್ಷಿಣದ ಲಂಡನ್ನಿನವರು ಮಾತ್ರ 1400ರಲ್ಲಿ ತೀರಿಕೊಂಡ ಕವಿ ಚಾಸರನ ಕಾಲಕ್ಕೂ ಬಹುವಚನದಲ್ಲಿ ಬಹುಮಟ್ಟಿಗೆ ‘ಬೆನ್’ ಎನ್ನುತ್ತಿದ್ದರು. ಮುಂದಿನ ಇನ್ನೂರು ವರ್ಷಗಳಲ್ಲಿ ‘ಆರ್’ ದಕ್ಷಿಣಕ್ಕಿಳಿದು ರಾಜಧಾನಿಯನ್ನೂ ಗೆದ್ದಿತು. 1611ರ ಬೈಬಲ್ ಅನುವಾದದಲ್ಲಿ ‘ಆರ್’, ‘ಬಿ’ ಎರಡೂ ಅಕ್ಕಪಕ್ಕ ಕಾಣುತ್ತವೆ. ಅಧಿಕಾರದಲ್ಲಿರುವವರನ್ನು ಇಂದಿಗೂ ‘ಪವರ್ಸ್ ದಟ್ ಬಿ’ ಎನ್ನುತ್ತಾರಲ್ಲ, ಆ ಹಳೆಯ ‘ಬಿ’ ಅಲ್ಲಿ ಉಳಿದುಕೊಂಡಿದೆ.

ಹದಿನೆಂಟನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ‘ನೀನು’ ಎಂಬರ್ಥದ ‘ದೌ’ ಬಹುಮಟ್ಟಿಗೆ ಮೂಲೆಗೆ ಸೇರಿ, ಒಬ್ಬರಿಗೂ ‘ಯೂ’, ಹಲವರಿಗೂ ‘ಯೂ’ ಎಂದಾಯಿತು. ಜನ ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು: ಒಬ್ಬರಾದರೆ ‘ಯೂ ವಾಸ್’, ಹಲವರಾದರೆ ‘ಯೂ ವರ್’. ನಮ್ಮ ‘ನೀನಿದ್ದೆ, ನೀವಿದ್ದಿರಿ’ ಎಂಬಂತೆ ವ್ಯತ್ಯಾಸ ಸ್ಪಷ್ಟವಾಗಿತ್ತು. ಆದರೆ ರಾಬರ್ಟ್ ಲೌತ್ ಎಂಬ ಪಂಡಿತರು 1762ರ ತಮ್ಮ ವ್ಯಾಕರಣದಲ್ಲಿ ಇದನ್ನು ಭಾರಿ ತಪ್ಪೆಂದು ಖಂಡಿಸಿದರು. ಶಿಷ್ಟ ಬರಹದಿಂದ ‘ಯೂ ವಾಸ್’ ಹೊರಬಿತ್ತು. ಅದರ ಜೊತೆಗೆ ಒಂದು ಸ್ಪಷ್ಟತೆಯೂ ಹೊರಬಿತ್ತು.

ಎಲ್ಲ ಖಂಡನೆಗಳೂ ಗೆಲ್ಲಲಿಲ್ಲವೆಂಬುದೂ ನಿಜ. ಮನೆ ಕಟ್ಟಲಾಗುತ್ತಿದೆ ಎನ್ನುವುದಕ್ಕೆ ಹಿಂದೆ ‘ದಿ ಹೌಸ್ ಈಸ್ ಬಿಲ್ಡಿಂಗ್’ ಎನ್ನುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಗೆ ‘ಈಸ್ ಬೀಯಿಂಗ್ ಬಿಲ್ಟ್’ ಎಂಬ ಹೊಸ ಪ್ರಯೋಗ ತಲೆಯೆತ್ತಿತು. ಒಂದೇ ಕ್ರಿಯಾಪದವನ್ನು ಎರಡು ಸಲ ಜೋಡಿಸುವುದೆಂದರೇನು ಎಂದು ಪಂಡಿತರು ಸಿಡಿದೆದ್ದರು. ಅಮೆರಿಕದ ರಿಚರ್ಡ್ ಗ್ರಾಂಟ್ ವೈಟ್ 1870ರ ತಮ್ಮ ಪುಸ್ತಕದಲ್ಲಿ ಇದನ್ನು ಹೀಗಳೆಯಲು ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಇಂದು ‘ದಿ ಮ್ಯಾಟರ್ ಈಸ್ ಬೀಯಿಂಗ್ ಎಕ್ಸಾಮಿನ್ಡ್’ ಎಂಬ ವಾಕ್ಯವಿಲ್ಲದೆ ಯಾವ ಕಚೇರಿಯಾದರೂ ಒಂದು ದಿನ ನಡೆದೀತೇ!

ಇಷ್ಟು ರೂಪದ ಚರಿತ್ರೆ. ಅರ್ಥದ ಚರಿತ್ರೆ ಇನ್ನೂ ಸ್ವಾರಸ್ಯಕರ. 1660ರಲ್ಲಿ ಫ್ರಾನ್ಸಿನ ಪೋರ್ಟ್ ರಾಯಲ್ ಪಂಡಿತರು ತಮ್ಮ ವ್ಯಾಕರಣದಲ್ಲಿ, ಈ ‘ಇರು’ ಎಂಬರ್ಥದ ಕ್ರಿಯಾಪದವೇ ನಿಜವಾದ ಕ್ರಿಯಾಪದ. ಉಳಿದೆಲ್ಲವೂ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿವೆ ಎಂದು ವಾದಿಸಿದರು. ಅವರಿಗೆ ‘ಪೀಟರ್ ಬದುಕುತ್ತಾನೆ’ ಎಂದರೆ ‘ಪೀಟರ್ ಬದುಕುತ್ತಿರುವವನು ಇದ್ದಾನೆ’ ಎಂದಂತೆ. ಎರಡು ಹೆಸರುಗಳನ್ನು ಜೋಡಿಸಲು ಕೊಂಡಿಯಾಗಿ ಒಂದು ಕ್ರಿಯಾಪದ ಇರಲೇಬೇಕೆಂದು ಅವರ ಭಾಷೆ ಅವರಿಗೆ ಕಲಿಸಿತ್ತು. ರಷ್ಯನ್ ಭಾಷೆಯ ವರ್ತಮಾನಕಾಲದಲ್ಲಿ ಅಂಥ ಕೊಂಡಿ ಬೇಕಿಲ್ಲ. ಅರಬ್ಬಿಯಲ್ಲಿಯೂ ಬೇಕಿಲ್ಲ. ಕನ್ನಡದಲ್ಲಂತೂ ‘ಇವರು ನಮ್ಮ ತಾಯಿ’ ಎಂದರೆ ವಾಕ್ಯ ಪೂರ್ಣವಾಯಿತು, ಏನನ್ನೂ ಸೇರಿಸಬೇಕಾಗಿಲ್ಲ.

1843ರಲ್ಲಿ ಜಾನ್ ಸ್ಟುವರ್ಟ್ ಮಿಲ್ ತಮ್ಮ ತರ್ಕಶಾಸ್ತ್ರದ ಗ್ರಂಥದಲ್ಲಿ ಒಂದು ಎಚ್ಚರಿಕೆ ಕೊಟ್ಟರು. ‘ಈಸ್’ ಎಂಬುದು ಎರಡು ಕೆಲಸ ಮಾಡುತ್ತದೆ: ಒಂದು, ವಸ್ತು ಇದೆ ಎನ್ನುವುದು; ಇನ್ನೊಂದು, ವಸ್ತು ಇಂಥದು ಎನ್ನುವುದು. ಎರಡನ್ನೂ ಒಂದೇ ಎಂದು ಭ್ರಮಿಸಿದ್ದರಿಂದ ಇರುವಿಕೆಯ ಬಗ್ಗೆ ಬೇಕಾದಷ್ಟು ಪೊಳ್ಳು ವಾದಗಳು ಬೆಳೆದವು ಎಂಬುದು ಅವರ ಅಭಿಪ್ರಾಯ. ಮುಂದೆ ಬರ್ಟ್ರಂಡ್ ರಸೆಲ್ ಯುದ್ಧವನ್ನು ವಿರೋಧಿಸಿ ಬರೆದ ತಪ್ಪಿಗೆ 1918ರಲ್ಲಿ ಬ್ರಿಕ್ಸ್‌ಟನ್ ಜೈಲಿನಲ್ಲಿದ್ದಾಗ ಗಣಿತದ ತತ್ತ್ವಗಳ ಬಗ್ಗೆ ಒಂದು ಪುಸ್ತಕ ಬರೆದರು; ಅದು 1919ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು, ‘ಸಾಕ್ರಟೀಸ್ ಮನುಷ್ಯ’ ಎಂಬಲ್ಲಿ ಗುಣವನ್ನು ಹೇಳಲೂ ‘ಇವನೇ ಅವನು’ ಎಂಬಲ್ಲಿ ಏಕತೆಯನ್ನು ಹೇಳಲೂ ಒಂದೇ ‘ಈಸ್’ ಬಳಸುವುದನ್ನು ಬಹಳ ಕಟುವಾಗಿ ಆಕ್ಷೇಪಿಸಿದರು. 1998ರ ಆಗಸ್ಟ್ 17ರಂದು ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಸಾಕ್ಷ್ಯ ಹೇಳುವಾಗ, ‘ಈಸ್’ ಎಂಬುದರ ಅರ್ಥ ಏನೆಂಬುದರ ಮೇಲೆ ಉತ್ತರ ಅವಲಂಬಿಸಿದೆ ಎಂದಾಗ ಜಗತ್ತೇ ನಕ್ಕಿತು. ಚರಿತ್ರೆ ಬಲ್ಲವರಿಗೆ ಆ ಪ್ರಶ್ನೆ ಹೊಸದೇನಾಗಿರಲಿಲ್ಲ.

ಈಗ ನಮ್ಮ ಕಡೆ ನೋಡೋಣ. ಮಿಲ್ ಬೇರ್ಪಡಿಸಿ ತೋರಿಸಿದ ಆ ಎರಡು ಅರ್ಥಗಳನ್ನು ನಮ್ಮ ಓದುಬರಹ ಬಾರದ ಅಜ್ಜಿಯರೂ ಸಲೀಸಾಗಿ ಬೇರ್ಪಡಿಸುತ್ತಾರೆ. ‘ದೇವರು ಇದ್ದಾನೆ’ ಎಂದರೆ ಇರುವಿಕೆ. ‘ಇದು ದೇವರು’ ಎಂದರೆ ಗುರುತು. ನಿರಾಕರಿಸುವಾಗ ಅಂತೂ ಬೇರೆ ಬೇರೆ ಶಬ್ದಗಳೇ ಇವೆ: ‘ದೇವರು ಇಲ್ಲ’, ‘ಇದು ದೇವರು ಅಲ್ಲ’. ಮೊದಲನೆಯದನ್ನು ನಾಸ್ತಿಕ ಹೇಳುತ್ತಾನೆ. ಎರಡನೆಯದನ್ನು ಪರಮ ಭಕ್ತನೂ ಹೇಳಬಹುದು. ತೆಲುಗಿನಲ್ಲಿ ‘ಲೇದು–ಕಾದು’ ಎಂದು ಇದೇ ಭೇದವಿದೆ. ಮಲಯಾಳದಲ್ಲಿಯೂ ‘ಇಲ್ಲ–ಅಲ್ಲ’ ಇವೆ. ಮರಾಠಿಯಲ್ಲಿ ‘ನಾಹೀ’ ಜೊತೆಗೆ ‘ನವ್ಹೇ’ ಎಂಬುದುಂಟು. ಇಂದಿನ ತಮಿಳಿನ ಆಡುಮಾತು ಎರಡಕ್ಕೂ ಸಾಮಾನ್ಯವಾಗಿ ‘ಇಲ್ಲೈ’ ಎನ್ನುತ್ತದೆ. ಹಿಂದಿಯಲ್ಲಿ ಎರಡಕ್ಕೂ ಒಂದೇ ‘ನಹೀಂ’.

ಮೊದಲೇ ಹೇಳಿದ ಪ್ರಸಂಗಕ್ಕೆ ಬರುತ್ತೇವೆ. ನಮ್ಮ ಮಗ ಹುಟ್ಟಿ ಬೆಳೆದದ್ದು ದೆಹಲಿಯಲ್ಲಿ. ಮನೆಯಲ್ಲಿ ಕನ್ನಡ, ಹೊರಗೆಲ್ಲ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಕೆಲವು ವರ್ಷಗಳ ಹಿಂದೆ ನಮಗೆ ಡೆಂಗೆ ಜ್ವರ ಬಂದು ಐದು ದಿನ ಆಸ್ಪತ್ರೆಯಲ್ಲಿದ್ದೆವು. ಸಾಗರದಲ್ಲಿರುವ ನಮ್ಮ ತಾಯಿಗೆ ಜ್ವರವೆಂದಷ್ಟೇ ತಿಳಿಸಿತ್ತು. ಮೂರನೆಯ ದಿನ ಅವರು ನಮ್ಮ ಮೊಬೈಲಿಗೆ ಫೋನ್ ಮಾಡಿದರು. ಫೋನು ಮನೆಯಲ್ಲೇ ಉಳಿದಿತ್ತು, ಎತ್ತಿದವನು ಮಗ. ಹದಿಮೂರು ತುಂಬಿ ಅವನ ದನಿ ಆಗಷ್ಟೇ ಒಡೆದಿತ್ತು. ಅಜ್ಜಿಗೆ ಗುರುತು ಸಿಗದೆ, “ಯಾರು, ಅಪ್ಪನೇನೋ?” ಎಂದರು. ಇವನು ಹಿಂದಿಯಲ್ಲಿ ‘ಪಾಪಾ ನಹೀಂ’ ಎನ್ನುವ ಹಾಗೆ, “ಅಪ್ಪ ಇಲ್ಲ ಅಜ್ಜಿ” ಎಂದ. ನಾನು ಅಪ್ಪ ಅಲ್ಲ ಎನ್ನುವುದು ಅವನ ಇಂಗಿತ. ಅಜ್ಜಿಯ ಕಿವಿಗೆ ಬಿದ್ದದ್ದು ಬೇರೆ. ಅಷ್ಟರಲ್ಲಿ ಸಂಪರ್ಕವೂ ಕಡಿಯಿತು. ಪಕ್ಕದ ಮನೆಯವರು ಮತ್ತೆ ಫೋನ್ ಹಚ್ಚಿ ನಿಜಸ್ಥಿತಿ ತಿಳಿಯಲು ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ನಮ್ಮ ತಾಯಿ ಹೇಗೆ ಕಳೆದರೆಂಬುದನ್ನು ಅವರು ಇಂದಿಗೂ ನಮಗೆ ಹೇಳಿಲ್ಲ.

ಮಗನನ್ನು ಬೈಯುವುದು ಸುಲಭ. ಆದರೆ ತಪ್ಪು ಅವನೊಬ್ಬನದಲ್ಲ. ‘ಇದು ನನ್ನ ಪುಸ್ತಕ ಇಲ್ಲ’, ‘ಅವರು ನಮ್ಮ ಟೀಚರ್ ಇದ್ದಾರೆ’ ಎಂದು ಅವನು ಎಷ್ಟೋ ಸಲ ಹೇಳಿದ್ದನ್ನು ಕೇಳಿ ನಾವು ನಕ್ಕು ಸುಮ್ಮನಾಗಿದ್ದೆವು. ದೊಡ್ಡವರಾದ ನಾವೂ ಏನು ಕಡಿಮೆ? ‘ನೀರು ಒಂದು ಸಂಯುಕ್ತ’ ಎಂದರೆ ಸಾಕಾಗಿರುವಲ್ಲಿ ಇಂಗ್ಲಿಷಿನ ‘ಈಸ್’ಗೆ ಹೆದರಿ ‘ನೀರು ಒಂದು ಸಂಯುಕ್ತವಾಗಿದೆ’ ಎಂದು ಬರೆಯುತ್ತೇವೆ. ಪಠ್ಯಪುಸ್ತಕ, ಜಾಹೀರಾತು, ಸುತ್ತೋಲೆ, ಎಲ್ಲೆಲ್ಲೂ ಈ ‘ಆಗಿದೆ’ಯ ಬಾಲ. ‘ಅವರು ಈಗ ಮಂತ್ರಿಯಾಗಿದ್ದಾರೆ’ ಎಂಬಲ್ಲಿ ಅದಕ್ಕೆ ಕೆಲಸವಿದೆ. ಮೊದಲು ಆಗಿರಲಿಲ್ಲ, ಈಗ ಆದರು ಎಂಬ ಅರ್ಥವಿದೆ. ಸೂರ್ಯ ನಕ್ಷತ್ರ ‘ಆಗಿದ್ದಾನೆ’ ಎನ್ನುವಲ್ಲಿ ಅದಕ್ಕೇನು ಕೆಲಸ?

ಭಾಷೆ ಬದಲಾಗುತ್ತದೆ, ಬದಲಾಗಲಿ. ಇಂಗ್ಲಿಷೂ ವೈಕಿಂಗರಿಂದ ಪಡೆಯಿತು, ತನ್ನದನ್ನು ಕಳೆದುಕೊಂಡಿತು, ಆದರೂ ಬಾಳಿತು. ಬದಲಾವಣೆಯನ್ನೆಲ್ಲ ತಡೆಯಹೊರಟವರ ಗತಿಯನ್ನು ರಿಚರ್ಡ್ ಗ್ರಾಂಟ್ ವೈಟರ ಕಥೆಯಲ್ಲಿ ಕಂಡೆವು. ಆದರೆ ‘ಬೇಯೋನ್’ ಕಳೆದುಹೋದಾಗ, ‘ಯೂ ವಾಸ್’ ಹೊರಬಿದ್ದಾಗ ಏನು ಹೋಯಿತೆಂದು ಹೆಚ್ಚು ಜನ ಲೆಕ್ಕ ಇಟ್ಟಿರಲಾರರು. ನಮಗಾದರೋ ಲೆಕ್ಕ ಇಡುವ ಅವಕಾಶ ಇನ್ನೂ ಇದೆ. ಊರಲ್ಲಿ ಮಕ್ಕಳು ಈ ಭೇದವನ್ನು ಬೀದಿಯಲ್ಲೇ ಕಲಿಯುತ್ತಾರೆ. ಹೊರನಾಡಿನಲ್ಲಿ ಅವರಿಗೆ ಆ ಬೀದಿಯಿಲ್ಲ. ಇರುವುದು ಮನೆ ಮತ್ತು ಸಂಘ, ಎರಡೇ.

ಸಂಘದ ಭಾನುವಾರದ ಕನ್ನಡ ತರಗತಿಗಳಲ್ಲಿ ಅಕ್ಷರಮಾಲೆ ಕಲಿಸುತ್ತೇವೆ, ವಚನ ಹಾಡಿಸುತ್ತೇವೆ. ಅದರ ಜೊತೆಗೆ ಹತ್ತು ನಿಮಿಷ ‘ಇಲ್ಲ–ಅಲ್ಲ’ ಆಟ ಆಡಿಸಬಹುದೆಂದು ನಮ್ಮ ಸೂಚನೆ. ಒಂದು ಚೀಲದಲ್ಲಿ ಸಾಮಾನು ತುಂಬಿ, ‘ಇದು ಪೆನ್ನೇ?’, ‘ಇದರೊಳಗೆ ಪೆನ್ನು ಇದೆಯೇ?’ ಎಂದು ಕೇಳುತ್ತ ಹೋದರೆ ಸಾಕು. ನಮ್ಮ ಮನೆಯಲ್ಲಿ ಆಡಿ ನೋಡಿದೆವು. ಮಗ ಒಂದು ವಾರದಲ್ಲಿ ಹಿಡಿದ. ಈಗ ಅಜ್ಜಿ ಫೋನ್ ಮಾಡಿ ‘ಅಪ್ಪನೇನೋ?’ ಎಂದರೆ, ಅವನು ‘ಅಪ್ಪ ಅಲ್ಲ ಅಜ್ಜಿ, ನಾನು, ಅಪ್ಪ ಇಲ್ಲೇ ಇದ್ದಾರೆ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ.