ಮುದಗಲ್ಲಿನ ಚರ್ಚು ಮತ್ತು ನಾನು ಕೊಟ್ಟ ತಪ್ಪು ಉತ್ತರ



ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಇತಿಹಾಸ ಬೋಧಿಸಿದ ನನಗೆ ಪಾಠಕ್ಕೆ ಸಾಮಗ್ರಿಯ ಕೊರತೆ ಎಂದೂ ಆಗಲಿಲ್ಲ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಅಲ್ಲಿ ಕಲ್ಲು ಅಕ್ಷರದ ಮೂಲಕ ಮಾತನಾಡುತ್ತದೆ. ಆದರೆ ಅಕ್ಷರವಿಲ್ಲದ ಕಟ್ಟಡವೂ ಮಾತನಾಡುತ್ತದೆ ಎಂಬುದನ್ನು ನಾನು ತಡವಾಗಿ ಕಲಿತೆ.

ಒಮ್ಮೆ ಲಿಂಗಸುಗೂರಿನಿಂದ ಮಕ್ಕಳನ್ನು ಮುದಗಲ್ಲಿನ ಕೋಟೆಗೆ ಕರೆದೊಯ್ದಿದ್ದೆ. ಅಲ್ಲಿಯ ರೋಮನ್ ಕ್ಯಾಥೋಲಿಕ್ ಚರ್ಚಿನ ಮುಂದೆ ಒಬ್ಬ ಹುಡುಗ ಕೇಳಿದ: “ಸರ್, ಇದರಾಗ ಗರ್ಭಗುಡಿ ಎಲ್ಲೈತ್ರಿ?” ನಾನು ಯೋಚಿಸದೆ, “ಗರ್ಭಗುಡಿ ಇಲ್ಲಪ್ಪ, ಇದು ಬರೀ ಸಭಾಭವನ” ಎಂದುಬಿಟ್ಟೆ. ಗುಂಪಿನಲ್ಲಿದ್ದ ಕ್ರೈಸ್ತ ಬಾಲಕನು ತಲೆ ತಗ್ಗಿಸಿದ. ಆ ಮುಖ ಇಂದಿಗೂ ನನ್ನನ್ನು ಕಾಡುತ್ತದೆ.

ನನ್ನ ಉತ್ತರದಲ್ಲಿ ಅರ್ಧ ಸತ್ಯವಿತ್ತು. ಕರಾವಳಿಯವರು ಬಳಸುವ ‘ಇಗರ್ಜಿ’ ಎಂಬ ಪದ ಪೋರ್ಚುಗೀಸರಿಂದ ಬಂದದ್ದು; ಅದರ ಮೂಲವಾದ ಗ್ರೀಕ್ ಪದಕ್ಕೆ ‘ಸಭೆ’ ಎಂದೇ ಅರ್ಥ. ನಮ್ಮ ಗುಡಿಯಲ್ಲಿ ಭಕ್ತನು ಒಬ್ಬೊಬ್ಬನಾಗಿ ದರ್ಶನ ಪಡೆದು ಹೊರಡಬಹುದು. ಆದ್ದರಿಂದ ಗರ್ಭಗುಡಿ ಚಿಕ್ಕದಾದರೂ ಸಾಕು. ಕ್ರೈಸ್ತರ ಆರಾಧನೆ ಎಲ್ಲರೂ ಕೂಡಿ ಮಾಡತಕ್ಕದ್ದು. ಆದ್ದರಿಂದ ವಿಶಾಲ ಅಂಗಣ ಬೇಕು.

ಉಳಿದರ್ಧವನ್ನು ನಾನು ಮರೆತಿದ್ದೆ. ಪೂಜೆಯಲ್ಲಿ ಅರ್ಪಿಸಿದ ರೊಟ್ಟಿಯಲ್ಲಿ ಕ್ರಿಸ್ತನು ನಿಜವಾಗಿ ಸನ್ನಿಹಿತನೆಂಬುದು ಕ್ಯಾಥೋಲಿಕರ ನಂಬಿಕೆ. ಆದಕಾರಣ ಬಲಿಪೀಠವೇ ಕಟ್ಟಡದ ಹೃದಯ. ಪವಿತ್ರ ಪ್ರಸಾದವಿರುವ ಪೆಟ್ಟಿಗೆಯ ಬಳಿ ದೀಪ ಆರದಂತೆ ಉರಿಯುತ್ತದೆ. ಪ್ರಾಟೆಸ್ಟಂಟರಲ್ಲಿ ದೇವವಾಕ್ಯಕ್ಕೆ ಪ್ರಾಧಾನ್ಯ. ಅವರ ಎಷ್ಟೋ ಚರ್ಚುಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಉಪದೇಶಪೀಠ.

ಮುದಗಲ್ಲಿನ ಚರ್ಚು 1557ಕ್ಕೂ ಮೊದಲೇ ಜೆಸ್ವಿಟ್ ಪಾದ್ರಿಗಳು ಕಟ್ಟಿಸಿದ್ದೆಂದು ಗ್ರಂಥಗಳು ಹೇಳುತ್ತವೆ. ಅಂದರೆ ರಕ್ಕಸತಂಗಡಿಯ ಯುದ್ಧಕ್ಕಿಂತ (1565) ಹಿಂದಿನದು! ಅದೇ ಜೆಸ್ವಿಟರು ರೋಮಿನಲ್ಲಿ 1568ರಲ್ಲಿ ಆರಂಭಿಸಿದ ‘ಜೆಸು’ ಚರ್ಚಿನಲ್ಲಿ ಒಂದೇ ಅಗಲವಾದ ಅಂಗಣವಿದೆ. ಉಪದೇಶ ಎಲ್ಲರಿಗೂ ಕೇಳಿಸಬೇಕು, ಬಲಿಪೀಠ ಎಲ್ಲರಿಗೂ ಕಾಣಿಸಬೇಕು ಎಂಬುದೇ ಅದರ ಉದ್ದೇಶ. 1933ರಲ್ಲಿ ಅಡಿಗಲ್ಲು ಬಿದ್ದ ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ನೆಲದ ವಿನ್ಯಾಸವೇ ಶಿಲುಬೆಯಾಕಾರ. ಒಳಗೆ ನಡೆಯುವವನು ಶಿಲುಬೆಯ ಮೇಲೆಯೇ ನಡೆಯುತ್ತಾನೆ.

ನಂಬಿಕೆಯ ವಿವರಣೆ ಬದಲಾದಾಗ ಕಲ್ಲೂ ಸ್ಥಳ ಬದಲಿಸುತ್ತದೆ. ಹಿಂದೆ ಪಾದ್ರಿಯೂ ಜನರೂ ಒಂದೇ ದಿಕ್ಕಿಗೆ ಮುಖಮಾಡಿ ಲ್ಯಾಟಿನ್ ಪ್ರಾರ್ಥನೆಯಲ್ಲಿ ನಿಲ್ಲುತ್ತಿದ್ದರು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಬಹುತೇಕ ಕಡೆ ಬಲಿಪೀಠ ಗೋಡೆಯಿಂದ ಮುಂದೆ ಬಂದಿತು, ಪಾದ್ರಿ ಜನರತ್ತ ತಿರುಗಿದರು, ಪೂಜೆ ಕನ್ನಡದಲ್ಲಿ ಕೇಳಿಸಿತು.

ಅಂದು ತಲೆ ತಗ್ಗಿಸಿದ ಬಾಲಕನು ಇದನ್ನು ಓದುತ್ತಿದ್ದರೆ ಅವನಿಗೆ ನನ್ನ ವಿನಂತಿ: ಮಗು, ಅದು ಬರೀ ಸಭಾಭವನವಲ್ಲ. ನಿನ್ನ ಮೇಷ್ಟ್ರು ಅಂದು ಪಾಠ ಓದಿಕೊಂಡು ಬಂದಿರಲಿಲ್ಲ. ಕ್ಷಮಿಸು.